ಮಲಗುವಾಗ ಅರ್ಧ ಗಂಟೆ ಅಷ್ಟೇ!

ಮಾರ್ಚ್ ಬಂತೆಂದರೆ ಬೆಂಗಳೂರಿಗೆ ಒಂದೇ ಪ್ರಶ್ನೆ. ‘ಏಸಿ ಹಾಕಿಸಿದ್ರೆ ತಿಂಗಳಿಗೆ ಕರೆಂಟ್ ಬಿಲ್ ಎಷ್ಟು ಬರುತ್ತೆ?’

ಕೇಳುವವರಿಗೆ ಲೆಕ್ಕ ಬೇಡ, ಧೈರ್ಯ ಬೇಕು. ‘ಏನಿಲ್ಲ ಬಿಡಿ, ಐನೂರು ದಾಟಲ್ಲ’ ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅಂಥವರಿಗೆ ಈ ಊರಲ್ಲಿ ಬರವಿಲ್ಲ. ಮೊದಲನೆಯವನು ಏಸಿ ಅಂಗಡಿಯಲ್ಲೇ ನಿಂತಿರುತ್ತಾನೆ.

ಅವನ ಗಣಿತ ನೋಡಿ. ಒಂದೂವರೆ ಟನ್ ಏಸಿ, ಐದು ಸ್ಟಾರು. ಮೇಲೆ ಅಂಟಿಸಿದ ಚೀಟಿಯಲ್ಲಿ ವರ್ಷಕ್ಕೆ 780 ಯೂನಿಟ್ ಅಂತ ಇದೆ ಎಂದಿಟ್ಟುಕೊಳ್ಳಿ. ಹುಡುಗ ಮೊಬೈಲ್ ತೆಗೆದು ಟಕಟಕ ಒತ್ತುತ್ತಾನೆ. 780 ಭಾಗಿಸು 12. ಅರವತ್ತೈದು ಯೂನಿಟ್. ‘ನಾನೂರ ಮೂವತ್ತು ರೂಪಾಯಿ ಸಾರ್ ತಿಂಗಳಿಗೆ. ಮನೆಯವರೆಲ್ಲ ಒಂದ್ಸಲ ಹೋಗಿ ಮಸಾಲೆ ದೋಸೆ ತಿಂದ ಹಾಗೆ!’

ಸಾರ್ ನಗುತ್ತಾರೆ. ಮೇಡಂ ಕಂತು ಎಷ್ಟು ಅಂತ ಕೇಳುತ್ತಾರೆ. ವ್ಯಾಪಾರ ಮುಗಿಯಿತು.

ಹನ್ನೆರಡರಿಂದ ಯಾಕಪ್ಪಾ ಭಾಗಿಸಿದೆ ಅಂತ ಒಬ್ಬರೂ ಕೇಳುವುದಿಲ್ಲ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಏಸಿ ಹಾಕುವ ಮಹಾನುಭಾವ ಯಾರು? ಚೀಟಿಯ ಅಂಕಿ 1,600 ಗಂಟೆಯ ಲೆಕ್ಕ. ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೊ, ವರ್ಷಕ್ಕೆ ಇಷ್ಟು ಗಂಟೆ ಅಂತ ಹಿಡಿದು ಅದನ್ನು ಮುದ್ರಿಸುತ್ತದೆ. 780 ಯೂನಿಟನ್ನು 1,600 ಗಂಟೆಗೆ ಹಂಚಿದರೆ ಗಂಟೆಗೆ ಅರ್ಧ ಯೂನಿಟ್. ರಾತ್ರಿ ಎಂಟು ಗಂಟೆ ಓಡಿಸಿದರೆ ನಾಲ್ಕು. ತಿಂಗಳಿಗೆ ನೂರಾ ಹದಿನೇಳು. ಅಂಗಡಿಯಲ್ಲಿ ಅರವತ್ತೈದು ಇದ್ದದ್ದು ಮನೆಗೆ ಬರುವಷ್ಟರಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟಾಯಿತು. ಇನ್ನೂ ರಿಮೋಟಿಗೆ ಸೆಲ್ಲೇ ಹಾಕಿಲ್ಲ.

ಆ ನೂರಾ ಹದಿನೇಳೂ ಸತ್ಯವಲ್ಲ. ಪರೀಕ್ಷೆಯಲ್ಲಿ ಕೋಣೆಯೊಳಗಿನ ಉಷ್ಣಾಂಶ 27 ಡಿಗ್ರಿ. ಮತ್ತೆ ಓದಿ. ಇಪ್ಪತ್ತೇಳು. ಐದು ನಕ್ಷತ್ರ ಗಿಟ್ಟಿದ್ದು ಇಪ್ಪತ್ತೇಳರಲ್ಲಿ. ನೀವು ಮನೆಗೆ ತಂದು ಕೂರಿಸಿ ಒತ್ತುವುದು ಹದಿನೆಂಟು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಅದೇ ಬಿಇಇ ಹೇಳುತ್ತಾ ಬಂದಿದೆ. ಒಂಬತ್ತು ಡಿಗ್ರಿ ಇಳಿಸಿದರೆ ಏನಾಗುತ್ತದೆಂದು ನಿಮ್ಮ ಮನೆಯ ಎಂಜಿನಿಯರ್ ಮಗನನ್ನು ಕೇಳಿ. ಹೇಗೂ ಅವನೇ ತಾನೆ ರಿಮೋಟ್ ಹಿಡಿದಿರುವುದು.

ನಕ್ಷತ್ರವೂ ಶಾಶ್ವತವಲ್ಲ. 2022ರ ಜುಲೈನಲ್ಲಿ ಮಾನದಂಡ ಬಿಗಿಯಾಯಿತು. ಹಿಂದಿನ ದಿನದವರೆಗೆ ಐದು ಸ್ಟಾರ್ ಆಗಿದ್ದ ಯಂತ್ರ ಮಾರನೆಯ ದಿನ ನಾಲ್ಕಾಯಿತು. ‘ನಮ್ಮದು ಫೈವ್ ಸ್ಟಾರು’ ಅಂತ ಬೀಗುವವರಿಗೆ ‘ಯಾವ ವರ್ಷದ್ದು?’ ಅಂತ ಕೇಳಿ. ಮುಖ ನೋಡಿ.

ಇನ್ನು ಟನ್ನು. ಒಂದು ಟನ್ ಅಂದರೆ 2,000 ಪೌಂಡ್ ಮಂಜುಗಡ್ಡೆಯನ್ನು ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗಿಸಿದರೆ ಸಿಗುವಷ್ಟು ತಂಪು. ಒಂದೂವರೆ ಟನ್ನಿಗೆ ದಿನಕ್ಕೆ ಸುಮಾರು 1,360 ಕೆಜಿ ಮಂಜುಗಡ್ಡೆ. ನಿಮ್ಮ ಮಲಗುವ ಕೋಣೆ ಹತ್ತಡಿ ಹನ್ನೊಂದಡಿ. ಅದರೊಳಗೆ ಮಂಚ, ಬೀರು, ಇಬ್ಬರು ಮನುಷ್ಯರು. ಇಷ್ಟು ಮಂಜುಗಡ್ಡೆ ಯಾರಿಗೆ, ಮೀನಿನ ಲಾರಿಗೆ? ಒಂದು ಟನ್ ಧಾರಾಳ ಸಾಕು. ಆದರೆ ಪಕ್ಕದ ಮನೆಯವರು ಒಂದೂವರೆ ಹಾಕಿಸಿದ್ದಾರೆ. ಮುಗಿಯಿತಲ್ಲ.

ಅಂಗಡಿಯವನ ಸುಳ್ಳಿಗಾದರೂ ಕಮಿಷನ್ ಇದೆ. ಮನೆಯವರದು ಬರೀ ಹವ್ಯಾಸ. ದಿನಕ್ಕೆ ಎಷ್ಟು ಹೊತ್ತು ಏಸಿ ಹಾಕ್ತೀರಿ ಅಂತ ಯಾರನ್ನಾದರೂ ಕೇಳಿ. ‘ಅಯ್ಯೋ, ಮಲಗುವಾಗ ಒಂದರ್ಧ ಗಂಟೆ ಅಷ್ಟೇ. ಕೋಣೆ ತಣ್ಣಗಾದ ಮೇಲೆ ಆಫ್ ಮಾಡಿಬಿಡ್ತೀವಿ.’ ಮಹಾನಗರದ ಅಷ್ಟೂ ಏಸಿಗಳು ಅರ್ಧ ಗಂಟೆಯಲ್ಲಿ ಆರುತ್ತವೆ. ಹಾಗಾದರೆ ರಾತ್ರಿ ಎರಡಕ್ಕೆ ನನ್ನ ಕಿಟಕಿಯಾಚೆ ಗುಂಯ್‌ಗುಡುವುದು ಏನು? ಜೇನುಗೂಡೇ?

ಸೂತ್ರ ಏಳನೇ ತರಗತಿಯ ಮಕ್ಕಳಿಗೂ ಗೊತ್ತು. ವ್ಯಾಟನ್ನು ಗಂಟೆಯಿಂದ ಗುಣಿಸು, ಸಾವಿರದಿಂದ ಭಾಗಿಸು, ದರದಿಂದ ಗುಣಿಸು. ವ್ಯಾಟು ಯಂತ್ರದ ಮೇಲಿದೆ. ದರ ಬಿಲ್ಲಿನ ಮೇಲಿದೆ. ಸುಳ್ಳು ಹೇಳಲು ಉಳಿದಿರುವುದು ಗಂಟೆ ಒಂದೇ. ಅದನ್ನು ನಾವು ಪೂರ್ತಿ ಬಳಸಿಕೊಂಡಿದ್ದೇವೆ.

ಯಂತ್ರದ ಮೇಲಿನ ವ್ಯಾಟೂ ಪೂರ್ತಿ ಉತ್ತರವಲ್ಲ, ಒಪ್ಪಿದೆ. ಇನ್ವರ್ಟರ್ ಏಸಿಯ ಕಂಪ್ರೆಸರ್ ಸದಾ ಪೂರ್ತಿ ಜೋರಿನಲ್ಲಿ ಓಡುವುದಿಲ್ಲ. ಕೋಣೆ ತಣ್ಣಗಾದಂತೆ ನಿಧಾನಿಸುತ್ತದೆ. ಹಳೆಯ ಮಾದರಿಯದು ಪೂರ್ತಿ ಓಡುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಮೇಲಿನ ಮಹಡಿಯ ಮನೆಯಾದರೆ ತಾರಸಿಯ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಿಮ್ಮ ತಲೆಯ ಮೇಲೆ ಕಕ್ಕುತ್ತದೆ. ಪಶ್ಚಿಮದ ಗೋಡೆಯೂ ಅಷ್ಟೆ. ಅದಕ್ಕೇ ಒಂದೇ ಏಸಿ ಕೆಳಗಿನ ಮನೆಯಲ್ಲಿ ಮೂರು ಯೂನಿಟ್ ತಿಂದರೆ ಮೇಲಿನ ಮನೆಯಲ್ಲಿ ಆರು ತಿನ್ನಬಹುದು.

ಹಾಗಾದರೆ ನಿಜ ತಿಳಿಯುವುದು ಹೇಗೆ? ನಿಮ್ಮ ಮನೆಗೊಂದು ಮೀಟರ್ ಇದೆ. ಮೆಟ್ಟಿಲ ಕೆಳಗೆ, ಹಳೇ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಧೂಳು ಹಿಡಿದ ಪೆಟ್ಟಿಗೆಯಲ್ಲಿ. ರಾತ್ರಿ ಏಸಿ ಹಾಕುವ ಮುಂಚೆ ಅದರ ಎದುರು ಎರಡು ನಿಮಿಷ ನಿಲ್ಲಿ. ಪರದೆಯ ಮೇಲೆ ದಿನಾಂಕ, ಸಮಯ, ವೋಲ್ಟೇಜು ಒಂದಾದ ಮೇಲೊಂದು ಬರುತ್ತವೆ. ಕೆಡಬ್ಲ್ಯುಎಚ್, ಅಂದರೆ ಯೂನಿಟ್, ಬಂದಾಗ ಬರೆದುಕೊಳ್ಳಿ. ಬೆಳಿಗ್ಗೆ ಗೀಸರ್ ಹಾಕುವ ಮುಂಚೆ ಇನ್ನೊಮ್ಮೆ. ಏಸಿ ಹಾಕದ ರಾತ್ರಿಯೂ ಒಮ್ಮೆ ಬರೆದುಕೊಂಡು ಫ್ರಿಜ್ಜು, ಫ್ಯಾನಿನ ಪಾಲು ಕಳೆಯಿರಿ. ಆಯಿತು. ಆ್ಯಪು ಬೇಡ, ಕ್ಯಾಲ್ಕುಲೇಟರ್ ಬೇಡ, ಭಾವಮೈದುನನ ಸಲಹೆ ಬೇಡ.

ಯಾರೂ ಮಾಡುವುದಿಲ್ಲ. ನಡೆದ ಹೆಜ್ಜೆ ಎಣಿಸಲು ಕೈಗೆ ಗಡಿಯಾರ ಕಟ್ಟುತ್ತೇವೆ. ಮೂರು ಮೆಟ್ಟಿಲು ಇಳಿದು ಮೀಟರ್ ನೋಡುವುದಿಲ್ಲ.

ಸರಿ, ನೋಡಿದಿರಿ ಅಂತಲೇ ಇಟ್ಟುಕೊಳ್ಳೋಣ. ರಾತ್ರಿಗೆ ಐದು ಯೂನಿಟ್, ತಿಂಗಳಿಗೆ ನೂರೈವತ್ತು. 2025-26ರ ದರದಲ್ಲಿ ಗೃಹಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ನಿಗಮಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 36 ಪೈಸೆ. ಅದರ ಮೇಲೆ ಶೇ 9 ತೆರಿಗೆ. ಆರೂಮುಕ್ಕಾಲರ ಹತ್ತಿರ ಬಂತು. ತಿಂಗಳಿಗೆ ಒಂದು ಸಾವಿರ.

‘ಸಾವಿರ ತಾನೆ, ಹೋಗಲಿ ಬಿಡಿ’ ಅಂದಿರಾ? ನಿಲ್ಲಿ. ಇನ್ನೂರು ಯೂನಿಟ್‌ವರೆಗೆ ಪುಕ್ಕಟೆ ಕರೆಂಟು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಮರೆತಿರಿ.

ನಿಮ್ಮ ಮನೆಯ ಬಳಕೆ ನೂರಾ ಹತ್ತು ಯೂನಿಟ್. ಬಿಲ್ ಸೊನ್ನೆ. ಅದಕ್ಕೆ ನೂರೈವತ್ತು ಸೇರಿತು. ಇನ್ನೂರಾ ಅರವತ್ತು. ಇನ್ನೂರು ದಾಟಿದರೆ ಯೋಜನೆಯ ನಿಯಮ ಸ್ಪಷ್ಟ: ಪೂರ್ತಿ ಬಿಲ್ ನೀವೇ ಕಟ್ಟಬೇಕು. ಹೆಚ್ಚಾದ ಅರವತ್ತಕ್ಕಲ್ಲ, ಮೊದಲನೇ ಯೂನಿಟ್ಟಿನಿಂದ. ಮೂರು ಕಿಲೋವ್ಯಾಟ್ ಮಂಜೂರಾದ ಮನೆಗೆ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕವೂ ಸೇರಿ 2,170ರ ಆಸುಪಾಸು. ಇಂಧನ ವೆಚ್ಚದ ಹೊಂದಾಣಿಕೆ ಅಂತ ಆಗಾಗ ಬರುವ ಬಾಲವನ್ನು ಬಿಟ್ಟು.

ಹಿಂದಿನ ತಿಂಗಳು ಸೊನ್ನೆ, ಈ ತಿಂಗಳು 2,170. ಮಧ್ಯೆ ಬಂದದ್ದು ಏಸಿ ಒಂದೇ. ಹಾಗಾದರೆ ಏಸಿಯ ಖರ್ಚು ಸಾವಿರವೋ, 2,170ವೋ? ಅಂಗಡಿಯ ಹುಡುಗ ಹೇಳಿದ್ದು ನಾನೂರ ಮೂವತ್ತು.

ಇಲ್ಲೊಂದು ಜಾತಿಯ ಜನರಿದ್ದಾರೆ. ಬೆಳಿಗ್ಗೆ ಎದ್ದು ವಾಟ್ಸ್‌ಆ್ಯಪ್‌ನಲ್ಲಿ ‘ಬಿಟ್ಟಿ ಭಾಗ್ಯಗಳಿಂದ ರಾಜ್ಯ ದಿವಾಳಿ’ ಅಂತ ಹರಡುತ್ತಾರೆ. ತಿಂಗಳ ಕೊನೆಯ ವಾರ ಅದೇ ಜನ ‘ಲೇ, ನೂರಾ ತೊಂಬತ್ತು ಆಗೋಯ್ತು, ಏಸಿ ಆರಿಸ್ರೋ’ ಅಂತ ಕೂಗುತ್ತಾರೆ. ದಿವಾಳಿಯಾಗುವ ರಾಜ್ಯದಿಂದ ನೂರಾ ತೊಂಬತ್ತೊಂಬತ್ತು ಯೂನಿಟ್ ಎತ್ತಿಕೊಳ್ಳಲು ಏನೂ ಸಂಕೋಚವಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಬಡವನ ಮನೆಯ ಬಲ್ಬು, ಮಿಕ್ಸಿಗೆಂದು ತಂದ ಯೋಜನೆಯಲ್ಲಿ ಏಸಿ ತಣ್ಣಗೆ ಮಲಗಿದೆ.

ನಿಗದಿತ ಶುಲ್ಕ ಅಂದೆನಲ್ಲ, ಅದನ್ನು ಯಾವ ಲೆಕ್ಕಿಗನೂ ಬಾಯಿಗೆ ತರುವುದಿಲ್ಲ. ಏಸಿಗೆಂದು ಮಂಜೂರಾದ ಲೋಡನ್ನು ಎರಡು ಕಿಲೋವ್ಯಾಟ್ ಏರಿಸಿಕೊಂಡಿರಿ ಅನ್ನಿ. ತಿಂಗಳಿಗೆ 290. ಏಸಿಗೆ ಮೂರು ತಿಂಗಳ ಕೆಲಸ, ಶುಲ್ಕಕ್ಕೆ ಹನ್ನೆರಡು ತಿಂಗಳ ಕೆಲಸ. ವರ್ಷಕ್ಕೆ 3,480. ಮೂರು ತಿಂಗಳು ಉರಿಸಿದ ಕರೆಂಟಿನ ಖರ್ಚು ಮೂರು ಸಾವಿರ. ಅಂದರೆ ಏಸಿ ಓಡಿದ್ದಕ್ಕಿಂತ ಗೋಡೆಯ ಮೇಲೆ ಸುಮ್ಮನೆ ನೇತಾಡಿದ್ದಕ್ಕೇ ಹೆಚ್ಚು. ಲೋಡ್ ಏರಿಸದೆ ಕದ್ದುಮುಚ್ಚಿ ಓಡಿಸುವವರೂ ಇದ್ದಾರೆ. ವೈರು ಬಿಸಿಯಾಗಿ ವಾಸನೆ ಬಂದಾಗ ಎಲೆಕ್ಟ್ರಿಷಿಯನ್‌ಗೆ ಬೈಯುವವರೂ ಅವರೇ.

ಸರ್ಕಾರದ್ದು ಇನ್ನೊಂದು ಬಗೆ. 2020ರ ಜನವರಿಯಿಂದ ಸ್ಟಾರ್ ಚೀಟಿಯ ಕೋಣೆ ಏಸಿಗಳೆಲ್ಲ ತಾವಾಗಿ 24 ಡಿಗ್ರಿಯಲ್ಲಿ ಶುರುವಾಗಬೇಕು ಎಂದು ಕಡ್ಡಾಯ ಮಾಡಿತು. ಒಳ್ಳೆಯದು. ಜನ ಮೊದಲ ದಿನವೇ ಹೆಬ್ಬೆರಳಿನಿಂದ ಆರು ಸಲ ಒತ್ತಿ ಹದಿನೆಂಟಕ್ಕೆ ಇಳಿಸಿದರು. 2025ರ ಜೂನ್‌ನಲ್ಲಿ ಕೇಂದ್ರದ ಇಂಧನ ಸಚಿವ ಮನೋಹರ ಲಾಲ್ ಖಟ್ಟರ್, ಇನ್ನು ಏಸಿಗಳನ್ನು 20ರಿಂದ 28 ಡಿಗ್ರಿಯೊಳಗೇ ಇಡುವ ನಿಯಮ ತರುತ್ತೇವೆ ಎಂದರು. ಅಬ್ಬಾ, ಆಗ ನೋಡಬೇಕಿತ್ತು. ನನ್ನ ಮಲಗುವ ಕೋಣೆಗೂ ಸರ್ಕಾರ ಬಂತೇ ಎಂಬ ಗೋಳಾಟ. ರಸ್ತೆಯ ಗುಂಡಿಗೆ ಬಿದ್ದಾಗ ಎದ್ದು ಬಾರದ ಸ್ವಾತಂತ್ರ್ಯಪ್ರೇಮ ಹದಿನೆಂಟು ಡಿಗ್ರಿಗೆ ಎದ್ದು ನಿಂತಿತು.

ಅದೇ ವರ್ಷ ಸೆಪ್ಟೆಂಬರ್ 22ರಿಂದ ಏಸಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಂದು ಸ್ಟಾರಿನ ಕರೆಂಟುಬಾಕನಿಗೂ ಶೇ 18, ಐದು ಸ್ಟಾರಿನದಕ್ಕೂ ಶೇ 18. ಜೂನ್‌ನಲ್ಲಿ ಕಡಿಮೆ ಉರಿಸಿ ಅಂದವರು ಸೆಪ್ಟೆಂಬರ್‌ನಲ್ಲಿ ಯಾವುದಾದರೂ ಸರಿ, ಕೊಂಡು ಉರಿಸಿ ಅಂದರು. ನಾವು ಎರಡನೆಯದನ್ನು ಮಾತ್ರ ಕೇಳಿಸಿಕೊಂಡೆವು.

ಹದಿನೆಂಟರ ಮೇಲೆ ಈ ಮೋಹ ಯಾಕೆ? ಬೇಗ ತಂಪಾಗುತ್ತದಂತೆ. ಆಗುವುದಿಲ್ಲ. ಹದಿನೆಂಟಕ್ಕಿಟ್ಟರೂ ಇಪ್ಪತ್ತಾರಕ್ಕಿಟ್ಟರೂ ಕಂಪ್ರೆಸರ್ ಮೊದಲಿಗೆ ಅಷ್ಟೇ ಜೋರಾಗಿ ಓಡುತ್ತದೆ. ಇಪ್ಪತ್ತಾರಾದರೆ ಅಲ್ಲಿಗೆ ಮುಟ್ಟಿ ಉಸಿರು ಬಿಡುತ್ತದೆ. ಹದಿನೆಂಟಾದರೆ ರಾತ್ರಿಯೆಲ್ಲ ಏದುಸಿರು. ಒಳಗೆ ಮಲಗಿದವರು ಏನು ಮಾಡುತ್ತಾರೆ? ರಗ್ಗು ಹೊದೆಯುತ್ತಾರೆ. ಸಾಕಾಗದಿದ್ದರೆ ಕಾಲಿಗೆ ಸಾಕ್ಸು. ಹತ್ತಿರ ಹತ್ತಿರ ಏಳು ರೂಪಾಯಿಯ ಒಂದೊಂದು ಯೂನಿಟ್ ಸುಟ್ಟು ಚಳಿ ಕೊಳ್ಳುವುದು, ಸಾವಿರ ರೂಪಾಯಿಯ ರಗ್ಗು ಕೊಂಡು ಆ ಚಳಿ ಕಳೆಯುವುದು. ಇಪ್ಪತ್ತಾರಕ್ಕಿಟ್ಟು ಫ್ಯಾನ್ ತಿರುಗಿಸಿದರೆ ಸಾಕು. ಬಿಎಲ್‌ಡಿಸಿ ಫ್ಯಾನಿಗೆ ಬೇಕಾದದ್ದು ಮೂವತ್ತು ವ್ಯಾಟ್ ಆಸುಪಾಸು. ರಾತ್ರಿಯಿಡೀ ತಿರುಗಿದರೂ ಕಾಲು ಯೂನಿಟ್ ಮುಟ್ಟಲ್ಲ. ಆದರೆ ಫ್ಯಾನಿನಲ್ಲಿ ಅಂತಸ್ತೆಲ್ಲಿದೆ?

ಇನ್ನೊಂದು ತಮಾಷೆ. ಬೆಂಗಳೂರಿನ ಏಪ್ರಿಲ್ ರಾತ್ರಿಯ ಕನಿಷ್ಠ ಉಷ್ಣಾಂಶ ಸರಾಸರಿ 22 ಡಿಗ್ರಿಯ ಆಸುಪಾಸು. ಸ್ಟಾರ್ ಚೀಟಿ ಲೆಕ್ಕಕ್ಕೆ ಹಿಡಿದಿರುವುದು ಹೊರಗೆ 24ರಿಂದ 43 ಡಿಗ್ರಿಯಿರುವ ಗಂಟೆಗಳನ್ನು ಮಾತ್ರ. ಅದಕ್ಕಿಂತ ತಂಪಿದ್ದಾಗಲೂ ಏಸಿ ಹಾಕುವವರಿದ್ದಾರೆಂದು ಮಾನದಂಡ ಬರೆದವರಿಗೆ ಹೊಳೆಯಲೇ ಇಲ್ಲ. ಅವರು ನಮ್ಮನ್ನು ನೋಡಿರಲಿಲ್ಲ.

‘ಹಾಗಾದರೆ ಕಿಟಕಿ ತೆಗೆದು ಮಲಗಿ’ ಅಂತ ಹೇಳುವುದು ಸುಲಭ. ತೆಗೆಯಲು ಎಲ್ಲಿ ಬಿಟ್ಟಿದ್ದೇವೆ? ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಹತ್ತಿಸಿ ನಾಲ್ಕು ಮಹಡಿ. ಕಿಟಕಿ ತೆಗೆದರೆ ಕೈಗೆ ಸಿಗುವುದು ಪಕ್ಕದ ಮನೆಯ ಕಿಟಕಿ. ಅದರ ಕೆಳಗೆ ಅವರ ಏಸಿಯ ಔಟ್‌ಡೋರ್. ಅವರ ಕೋಣೆಯಿಂದ ಹೀರಿದ ಶಾಖ, ಹೀರಲು ಸುಟ್ಟ ಕರೆಂಟಿನ ಶಾಖ, ಎರಡೂ ಸೇರಿ ನಿಮ್ಮ ಮುಖಕ್ಕೆ. ರಾಜಕಾಲುವೆಯ ಸೊಳ್ಳೆ ಬೇರೆ ಉಚಿತ. ನೀವು ಕಿಟಕಿ ಮುಚ್ಚುತ್ತೀರಿ. ಸೆಕೆಯಾಗುತ್ತದೆ. ಏಸಿ ಕೊಳ್ಳುತ್ತೀರಿ. ನಿಮ್ಮ ಔಟ್‌ಡೋರ್ ಮೂರನೇ ಮನೆಯ ಕಿಟಕಿಗೆ. ಏಸಿ ವ್ಯಾಪಾರಕ್ಕೆ ಜಾಹೀರಾತು ಯಾಕೆ ಬೇಕು ಅಂತಲೇ ನನಗೆ ಅರ್ಥವಾಗಿಲ್ಲ.

ಈ ಊರಿನಲ್ಲಿ ಫ್ಯಾನೇ ಇಲ್ಲದ ಮನೆಗಳಿದ್ದವು ಅಂತ ಹಳಬರು ಹೇಳಿದರೆ ಈಗಿನವರು ನಗುತ್ತಾರೆ. ರಸ್ತೆ ಅಗಲಿಸಲು ಮರ ಕಡಿದರು. ಬಿಸಿಲ ನಾಡಿನಲ್ಲಿ ಗಾಜಿನ ಕಟ್ಟಡ ಕಟ್ಟಿದರು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ದಿನ ‘ಏನು ಸೆಕೆಯಪ್ಪಾ’ ಅಂದರು. ಅಂದವರು ನಿಂತದ್ದು ಕಡಿದ ಮರದ ಬೊಡ್ಡೆಯ ಪಕ್ಕದಲ್ಲೇ.

ಮಾರ್ಚ್‌ನಲ್ಲಿ ಸರ್ವಿಸ್ ಹುಡುಗ ಬರುತ್ತಾನಲ್ಲ, ಅವನದೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮುಚ್ಚಳ ಬಿಚ್ಚುವ ಮೊದಲೇ ತೀರ್ಪು: ‘ಗ್ಯಾಸ್ ಖಾಲಿ ಸಾರ್.’ ಏಸಿಯ ಗ್ಯಾಸು ಅಡುಗೆ ಗ್ಯಾಸಲ್ಲ, ಉರಿದು ಖಾಲಿಯಾಗಲು. ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ. ‘ಎಲ್ಲಿ ಸೋರುತ್ತಿದೆ ತೋರಿಸು’ ಅಂದರೆ ಹುಡುಗನಿಗೆ ಇನ್ನೊಂದು ಮನೆಯಿಂದ ಫೋನ್ ಬರುತ್ತದೆ. ಒಳಗೆ ಫಿಲ್ಟರಿನ ಮೇಲೆ ಬೆರಳು ದಪ್ಪ ಧೂಳು. ನಲ್ಲಿ ನೀರಿನಲ್ಲಿ ತೊಳೆದರೆ ಹೋಗುತ್ತದೆ, ಖರ್ಚು ಸೊನ್ನೆ. ಅದನ್ನು ಯಾರೂ ಮಾಡುವುದಿಲ್ಲ, ಗ್ಯಾಸಿಗೆ ಎರಡೂವರೆ ಸಾವಿರ ಕೊಡುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕುವವರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ರಾತ್ರಿಯ ಕರೆಂಟು ಎಲ್ಲಿಂದ ಬರುತ್ತದೆ? ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಸಂಜೆ ಆರೂವರೆಗೆ ಅಂಗಡಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಜಲಾಶಯದ ನೀರನ್ನು ಅಳೆದು ತೂಗಿ ಬಿಡಬೇಕು. ಉಳಿದ ಭಾರ ಹೊರುವುದರಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಸ್ಥಾವರ. ಅದೇ ಜಿಲ್ಲೆಯ ಯರಮರಸ್‌ನಲ್ಲಿ 1,600. ಬಳ್ಳಾರಿಯ ಕುಡತಿನಿಯಲ್ಲಿ 1,700. ಒಂದು ಯೂನಿಟ್ಟಿಗೆ ಆರೇಳು ನೂರು ಗ್ರಾಂ ಕಲ್ಲಿದ್ದಲು. ನಿಮ್ಮ ಐದು ಯೂನಿಟ್ಟಿನ ನಿದ್ದೆಗೆ ಮೂರು, ಮೂರೂವರೆ ಕೆಜಿ.

ಊರುಗಳ ಹೆಸರು ಗಮನಿಸಿದಿರಾ? ರಾಯಚೂರು. ಬಳ್ಳಾರಿ. ನಾಡಿನಲ್ಲಿ ನಿಜವಾದ ಬಿಸಿಲು ಬೀಳುವ ಜಾಗಗಳೇ. ನಲವತ್ತು ಡಿಗ್ರಿ ಅಲ್ಲಿ ಸುದ್ದಿಯಲ್ಲ. ಅಲ್ಲಿ ಬೂದಿ, ಇಲ್ಲಿ ತಂಪು. ಅಲ್ಲಿಯವರು ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸುತ್ತಾರೆ. ಇಲ್ಲಿಯವರು ರಗ್ಗು ಹೊದೆಯುತ್ತಾರೆ.

ಆ ಸೀಮೆಯವರಿಗೆ ಬಿಸಿಲಿನ ಜೊತೆ ಬದುಕುವ ಲೆಕ್ಕ ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆ ಉಪಾಯ ಸೊನ್ನೆ ಯೂನಿಟ್ಟಿನದು. ಬೆಂಗಳೂರಿನಲ್ಲಿ ನಡು ಮಧ್ಯಾಹ್ನ ಕೋಟು ಹಾಕಿಕೊಂಡು ಆಫೀಸಿನಲ್ಲಿ ಕೂರುತ್ತಾರೆ, ಕೋಟಿಗೆ ಸೆಕೆಯಾಗದಿರಲೆಂದು ಕಟ್ಟಡವನ್ನೇ ತಣಿಸುತ್ತಾರೆ.

ಕೊನೆಗೆ ಬಿಲ್ ಬರುತ್ತದೆ. ಮೇ ತಿಂಗಳ ಮೊದಲ ವಾರ. ಯಜಮಾನರು ಕೆಂಪಗಾಗುತ್ತಾರೆ. ಮೊದಲ ಅನುಮಾನ ಮೀಟರಿನ ಮೇಲೆ. ‘ಇದು ಓಡ್ತಾ ಇದೆ ಕಣ್ರೀ, ಚೆಕ್ ಮಾಡ್ಸಿ!’ ಅಂತ ಮೀಟರ್ ರೀಡರ್‌ನನ್ನು ತಡೆದು ನಿಲ್ಲಿಸುತ್ತಾರೆ. ಅವನಿಗೆ ಇನ್ನೂ ನೂರಾರು ಮನೆ ಬಾಕಿ. ‘ಏಸಿ ಇದೆಯಾ ಸಾರ್?’ ಅಂತ ಒಂದೇ ಪ್ರಶ್ನೆ ಕೇಳುತ್ತಾನೆ. ‘ಇದೆ, ಮಲಗುವಾಗ ಅರ್ಧ ಗಂಟೆ...’ ಅವನು ಆಗಲೇ ಗೇಟು ದಾಟಿರುತ್ತಾನೆ.

ಎರಡನೆಯ ಅನುಮಾನ ಕೆಲಸದಾಕೆಯ ಮೇಲೆ. ಮೂರನೆಯದು ಮೇಲಿನ ಬಾಡಿಗೆಯವರ ಇಸ್ತ್ರಿ ಪೆಟ್ಟಿಗೆಯ ಮೇಲೆ. ಅವರ ಮೀಟರೇ ಬೇರೆ, ಇರಲಿ. ಆಮೇಲೆ ಉಳಿತಾಯದ ಆಂದೋಲನ. ಹಾಲಿನಲ್ಲಿ ಪೇಪರ್ ಓದುತ್ತಿದ್ದ ಅಪ್ಪನಿಗೆ ‘ಹಗಲು ಹೊತ್ತು ಲೈಟ್ ಯಾಕಪ್ಪಾ’ ಅಂತ ಗದರಿಕೆ. ಅದು ಒಂಬತ್ತು ವ್ಯಾಟಿನ ಎಲ್‌ಇಡಿ. ಏಸಿ ಒಂದು ರಾತ್ರಿ ತಿಂದ ಐದು ಯೂನಿಟ್ಟನ್ನು ಆ ಬಲ್ಬು ತಿನ್ನಬೇಕಾದರೆ ಹಗಲೂ ರಾತ್ರಿ ಆರದೆ ಇಪ್ಪತ್ತಮೂರು ದಿನ ಉರಿಯಬೇಕು. ಅಪ್ಪನಿಗೆ ಈ ಲೆಕ್ಕ ಬರುತ್ತದೆ. ಆದರೆ ಅವರು ಮಾತಾಡುವುದಿಲ್ಲ, ಏಸಿ ಅವರ ಕೋಣೆಯಲ್ಲಿಲ್ಲ.

ಇಷ್ಟಾದರೂ ಬಿಲ್ ಇಳಿಯದಿದ್ದಾಗ ಯಜಮಾನರು ಆನ್‌ಲೈನ್‌ನಲ್ಲಿ ಒಂದು ಪವರ್ ಸೇವರ್ ತರಿಸುತ್ತಾರೆ. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಬಿಲ್ ಅರ್ಧ ಎಂಬ ಭರವಸೆಯದು. ಒಳಗಿರುವುದು ಒಂದು ಪುಟ್ಟ ಕೆಪಾಸಿಟರ್. ಮನೆಯ ಬಿಲ್ಲು ಹಾಕುವುದು ಯೂನಿಟ್ಟಿನ ಮೇಲೆ, ಅದನ್ನು ಈ ಡಬ್ಬಿ ಒಂದು ಚೂರೂ ಇಳಿಸುವುದಿಲ್ಲ. ಅದರ ಮೇಲೊಂದು ಹಸಿರು ದೀಪ ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಉರಿಯುತ್ತದೆ. ಅದಕ್ಕೂ ಕರೆಂಟು ಬೇಕು.